ಆ ತುದಿ ಯಾರು ಹಿಡೀತೀರಿ?

ಡಬಲ್ ಮಂಚದ ಬೆಡ್‌ಶೀಟ್ ಒಂದನ್ನು ಒಬ್ಬರೇ ನಿಂತು ಮಡಿಸಿ ನೋಡಿ. ಎರಡು ಮೂಲೆ ಕೈಗೆ ಸಿಕ್ಕರೆ ಮೂರನೆಯದು ನೆಲಕ್ಕೆ ಬೀಳುತ್ತದೆ. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ನಾಲ್ಕನೆಯದು ಕಾಲಿಗೆ ಸುತ್ತಿಕೊಳ್ಳುತ್ತದೆ. ಗದ್ದದಡಿ ಒತ್ತಿ ಹಿಡಿದು, ಹಲ್ಲಲ್ಲಿ ಕಚ್ಚಿ, ಏನೇ ಸರ್ಕಸ್ ಮಾಡಿದರೂ ಕೊನೆಗೆ ಅದು ಮಡಿಸಿದ ಹಾಗಿರುವುದಿಲ್ಲ, ಗಂಟು ಕಟ್ಟಿದ ಹಾಗಿರುತ್ತದೆ. ಮನೆಯಲ್ಲಾದರೆ ಹೇಗೋ ನಡೆಯುತ್ತದೆ. ನಮ್ಮ ಲಾಂಡ್ರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಈ ಕಡೆ ಒಬ್ಬರು, ಆ ಕಡೆ ಒಬ್ಬರು ಬೇಕೇ ಬೇಕು.

ನಾನು ಆ ಲಾಂಡ್ರಿಯಲ್ಲಿ ಗುರುತು ಹಾಕುವವಳು. ಬಂದ ಬಟ್ಟೆಯ ಮೂಲೆಯಲ್ಲಿ ಅಳಿಸದ ಮಸಿಯಿಂದ ಚುಕ್ಕಿಯೋ ಗೆರೆಯೋ ಹಾಕುತ್ತೇನೆ. ಒಂದು ಮನೆಗೆ ಒಂದೇ ಗುರುತು, ಇದು ಲಾಂಡ್ರಿಯ ನಿಯಮ. ಒಗೆದರೂ ಕುದಿಸಿದರೂ ಆ ಮಸಿ ಹೋಗುವುದಿಲ್ಲ. ನನ್ನ ಬೆರಳಿನಿಂದಲೂ ಹೋಗಿಲ್ಲ, ಅದಕ್ಕೇ ಎಲ್ಲರೂ ನನ್ನನ್ನು ಮಸಿಯಕ್ಕ ಅನ್ನುತ್ತಾರೆ. "ಕೆಲಸ ಚಿಕ್ಕದು, ಬಾಯಿ ದೊಡ್ಡದು" ಎಂದು ಲಾಂಡ್ರಿಯ ಯಜಮಾನರು ನನ್ನ ಬಗ್ಗೆ ಹೇಳುವುದುಂಟು. ಹೇಳಲಿ. ಈ ಕಥೆ ಹೇಳುವುದಕ್ಕೆ ಬಾಯಿಯೇ ಬೇಕು.

ನಮ್ಮಲ್ಲಿ ಇಸ್ತ್ರಿಗೆ ಹಿರಿಯರೆಂದರೆ ಕೆಂಡಕ್ಕ. ಇಪ್ಪತ್ತೆಂಟು ವರ್ಷದ ಕೆಲಸ. ಇಸ್ತ್ರಿಪೆಟ್ಟಿಗೆ ಎಷ್ಟು ಕಾದಿದೆ ಎಂದು ನೋಡುವುದಕ್ಕೆ ನಾವೆಲ್ಲ ಬೆರಳನ್ನು ನೀರಿಗದ್ದಿ, ತಟಕ್ಕನೆ ತಾಗಿಸಿ ತೆಗೆಯುತ್ತೇವೆ. ಕೆಂಡಕ್ಕ ಹಾಗಲ್ಲ. ಎಡಗೈಯ ಕಿರುಬೆರಳನ್ನು ಕಾದ ತಳಕ್ಕೆ ಒತ್ತಿ ಇಡುತ್ತಿದ್ದರು. ಚುಂಯ್ ಎಂದು ಹಬೆ ಏಳುತ್ತಿತ್ತು. ಅವರ ಹುಬ್ಬು ಕೂಡ ಅಲ್ಲಾಡುತ್ತಿರಲಿಲ್ಲ. "ಪಳಗಿದ ಕೈ ಕಣ್ರೇ ಇದು! ಈಗ ನಾನು ಇಸ್ತ್ರಿಗೆ ಹೆದರಲ್ಲ, ಇಸ್ತ್ರಿನೇ ನಂಗೆ ಹೆದರುತ್ತೆ" ಎನ್ನುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಹೊಸಬರು ಯಾರೇ ಬಂದರೂ ಅವರನ್ನು ಕರೆದು ಈ ಚಮತ್ಕಾರ ತೋರಿಸುತ್ತಿದ್ದೆವು. ನಾವು ಎಂಥಾ ಜಾಣರು ಎನ್ನುವುದು ನಿಮಗೆ ಆಮೇಲೆ ಗೊತ್ತಾಗುತ್ತದೆ.

ಬೆಡ್‌ಶೀಟ್ ಮಡಿಸುವುದರಲ್ಲಿ ಕೆಂಡಕ್ಕನಿಗೆ ಒಂಬತ್ತು ವರ್ಷದಿಂದ ಜೋಡಿ ನನ್ನ ನಾದಿನಿ, ನನ್ನ ಗಂಡನ ತಂಗಿ. ಅವಳು ಎರಡು ಮೂಲೆ ಹಿಡಿದು ಫಟ್ ಎಂದು ಒಮ್ಮೆ ಒದರಿದರೆ ಇಡೀ ಬೆಡ್‌ಶೀಟ್ ಗಾಳಿ ತುಂಬಿಕೊಂಡು ಏಳುತ್ತಿತ್ತು, ಆ ಕಡೆಯ ಎರಡು ಮೂಲೆ ನೇರವಾಗಿ ಕೆಂಡಕ್ಕನ ಕೈಗೇ ಹೋಗಿ ಕೂರುತ್ತಿದ್ದವು. ಅದಕ್ಕೇ ಅವಳಿಗೆ ಗಾಳಿಪಟ ಎಂದು ಹೆಸರು. ಇಬ್ಬರೂ ಹತ್ತಿರ ಬರುವುದು, ದೂರ ಹೋಗುವುದು, ತಿರುಗುವುದು, ಎಲ್ಲ ಲೆಕ್ಕ ಹಾಕಿದ ಹಾಗೆ. ಒಂದು ಬೆಡ್‌ಶೀಟಿಗೆ ಹನ್ನೊಂದು ಸೆಕೆಂಡ್! ಯಜಮಾನರು ಗಡಿಯಾರ ಹಿಡಿದು ನೋಡಿದ್ದಾರೆ.

ಒಂದೂವರೆ ವರ್ಷದ ಹಿಂದೆ ಗಾಳಿಪಟಕ್ಕೆ ಕುಷ್ಠರೋಗ ಎಂದು ಡಾಕ್ಟರು ಹೇಳಿದರು. ತೋಳಿನ ಮೇಲೆ ಒಂದು ಮಾಸಲು ಮಚ್ಚೆ ಎರಡು ವರ್ಷದಿಂದ ಇತ್ತು. ತುರಿಕೆ ಇಲ್ಲ, ನೋವಿಲ್ಲ, ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ನೋವಿಲ್ಲದ ಮೇಲೆ ರೋಗ ಎಲ್ಲಿಂದ ಬಂತು ಎಂದು ಅವಳೂ ಸುಮ್ಮನಿದ್ದಳು, ನಾವೂ ಸುಮ್ಮನಿದ್ದೆವು. ಕಿರುಬೆರಳು ಬಗ್ಗಿದ ಮೇಲೆ ಆಸ್ಪತ್ರೆಗೆ ಹೋದದ್ದು. "ಮನೇಲೇ ಇರ್ಲಿ, ಒಂದು ವರ್ಷ ಮಾತ್ರೆ ತಪ್ಪದೆ ನುಂಗ್ಲಿ, ವಾಸಿಯಾಗುತ್ತೆ, ಇದು ಮುಟ್ಟಿದ್ರೆ ಅಂಟೋ ಕಾಯಿಲೆ ಅಲ್ಲ" ಎಂದು ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು. ನಾವು ತಲೆಯಾಡಿಸಿ, ಮರುದಿನವೇ ಅವಳನ್ನು ಅವಳ ಸೋದರತ್ತೆಯ ಊರಿಗೆ ಬಸ್ಸು ಹತ್ತಿಸಿದೆವು.

ಅವಳು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಪೂರ್ತಿ ಮುಗಿಸಿ, ಡಾಕ್ಟರ ಕಾಗದ ಹಿಡಿದುಕೊಂಡು, ನಗುನಗುತ್ತಾ ಮನೆಗೆ ಬಂದಳು. ಆಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ, ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ. ಅವಳ ತಟ್ಟೆ, ಲೋಟ, ಟವೆಲ್, ಹೊದಿಕೆ ಎಲ್ಲಕ್ಕೂ ಲಾಂಡ್ರಿಯ ಮಸಿ ತಂದು ಗುಣಾಕಾರದ ಗುರುತು ಹಾಕಿದೆ. ಬೇರೆಯವರದ್ದರ ಜೊತೆ ಸೇರಬಾರದು ಎಂದು. ಅವಳು ತಟ್ಟೆಯನ್ನು ತಿರುಗಿಸಿ ಗುರುತು ನೋಡಿದಳು. "ಅತ್ತಿಗೆ, ಎನಾಮಲ್ ಮೇಲೂ ಚೆನ್ನಾಗಿ ಕೂತಿದೆ" ಎಂದಳು. ಅಷ್ಟೇ. ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ಬಂದು ಹದಿನೈದು ದಿನವಾಗಿತ್ತು, ಒಂದು ಬೆಳಿಗ್ಗೆ ಯಜಮಾನರು ನಮ್ಮ ಮನೆ ಬಾಗಿಲಿಗೇ ಓಡಿಬಂದರು. ಒಂದು ಕಾಲಿನ ಚಪ್ಪಲಿ ಅವರದು, ಇನ್ನೊಂದು ಅವರ ಹೆಂಡತಿಯದು. ಸ್ಟೇಷನ್ ಹತ್ತಿರದ ಹೊಸ ಹೋಟೆಲಿನವರು ಆರುನೂರು ಬೆಡ್‌ಶೀಟ್ ಕಳಿಸಿದ್ದರು. ಸಂಜೆ ಆರಕ್ಕೆ ವ್ಯಾನು ಬರುತ್ತದೆ. ಅಷ್ಟರಲ್ಲಿ ಎಲ್ಲ ಒಗೆದು, ಒಣಗಿಸಿ, ಮಡಿಸಿ ಕೊಟ್ಟರೆ ಹೋಟೆಲಿನ ಕೆಲಸ ದಿನಾ ನಮಗೇ!

"ಗಾಳಿಪಟ ಎಲ್ಲಿ? ಬೇಗ ಹೊರಡ್ಸು!" ಎಂದರು.

"ಅವಳಿಗೆ ಕೆಲಸಕ್ಕೆ ಬರ್ಬೇಡ ಅಂದೋರು ನೀವೇ ಅಲ್ವಾ?" ಎಂದೆ.

"ಅಂದಿದ್ದೆ. ಆಗ ಆರುನೂರು ಬೆಡ್‌ಶೀಟ್ ಇತ್ತಾ?"

ನಾದಿನಿ ಒಳಗಿನಿಂದ ಬಂದಳು. ನೋಡಿದರೆ ಹಳೆಯ ಏಪ್ರನ್ ಆಗಲೇ ಕಟ್ಟಿಕೊಂಡಿದ್ದಾಳೆ! ಇಸ್ತ್ರಿ ಮಾಡಿದ ಏಪ್ರನ್. ಬಂದ ದಿನದಿಂದ ಅದನ್ನು ಹಾಗೇ ಸಿದ್ಧವಾಗಿಟ್ಟಿದ್ದಳಂತೆ, ಯಾವಾಗ ಕರೆ ಬರುತ್ತದೋ ಎಂದು. ದಾರಿಯುದ್ದಕ್ಕೂ ಅವಳು ನಡೆಯಲಿಲ್ಲ, ಓಡಿದಳು. "ಅತ್ತಿಗೆ, ನನ್ನ ಮೇಜು ಅಲ್ಲೇ ಇದೆಯಾ? ಕಿಟಕಿ ಪಕ್ಕದಲ್ಲಿ? ಕೆಂಡಕ್ಕ ಈಗ್ಲೂ ಮಡಿಸೋವಾಗ ಗುನುಗ್ತಾರಾ?" ಉತ್ತರಕ್ಕೂ ಕಾಯದೆ ಮುಂದಿನ ಪ್ರಶ್ನೆ. ನನಗೂ ಉತ್ಸಾಹ ಬಂತು. ಏನೋ ಒಳ್ಳೆಯದಾಗುತ್ತದೆ ಅನ್ನಿಸಿತು.

ಲಾಂಡ್ರಿಯೊಳಗೆ ಕಾಲಿಟ್ಟಾಗ ಹಬೆ, ಸೋಪಿನ ವಾಸನೆ, ಮೆಷಿನ್ನಿನ ಗಡಗಡ ಎಲ್ಲ ಎಂದಿನ ಹಾಗೇ ಇತ್ತು. ಜನ ಮಾತ್ರ ಇರಲಿಲ್ಲ. ಅಂದರೆ, ಇದ್ದರು, ಆದರೆ ಅವಳು ಒಂದು ಹೆಜ್ಜೆ ಮುಂದೆ ಬಂದರೆ ಎಲ್ಲರೂ ಒಂದು ಹೆಜ್ಜೆ ಹಿಂದೆ. ಅವಳು ಗಮನಿಸದವಳ ಹಾಗೆ ತನ್ನ ಮೇಜಿಗೆ ಹೋದಳು. ಮೇಲಿನ ಬೆಡ್‌ಶೀಟಿನ ಎರಡು ಮೂಲೆ ಹಿಡಿದಳು. ಫಟ್! ಒಂದು ವರ್ಷ ಕಳೆದರೂ ಅದೇ ಸದ್ದು. ಬಟ್ಟೆ ಗಾಳಿ ತುಂಬಿಕೊಂಡು ಎದ್ದಿತು, ಆ ಕಡೆ ಹೋಯಿತು, ಮತ್ತು ನೆಲಕ್ಕೆ ಬಿತ್ತು.

ಆ ಕಡೆ ಯಾರೂ ಇರಲಿಲ್ಲ.

"ಆ ತುದಿ ಯಾರು ಹಿಡೀತೀರಿ?" ಎಂದು ನಗುತ್ತಲೇ ಕೇಳಿದಳು.

ಮೆಷಿನ್ ನಡೆಸುವ ಮಾವ ಗುಂಡಿಗಳನ್ನು ಒತ್ತತೊಡಗಿದರು. ಇಸ್ತ್ರಿಯವರು ಇಸ್ತ್ರಿ ನೋಡಿದರು. ನಾನು ನನ್ನ ಮಸಿ ಕುಡಿಕೆಯ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಹೌದು, ನಾನೂ ಹಿಡಿಯಲಿಲ್ಲ. ಕೊನೆಗೆ ಕೆಂಡಕ್ಕನೇ ಬಾಯಿ ಬಿಟ್ಟರು.

"ನೋಡು ಪಟ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ನಂಗೂ ಮನೇಲಿ ಮೊಮ್ಮಕ್ಕಳಿದ್ದಾರೆ."

"ವಾಸಿಯಾಗಿದೆ ಅಕ್ಕ. ಡಾಕ್ಟರು ಬರೆದುಕೊಟ್ಟ ಕಾಗದ ತಂದಿದ್ದೀನಿ."

"ಕಾಗದಕ್ಕೇನು, ಬರೆದೋರು ಬಂದು ಮಡಿಸ್ತಾರಾ ನಿನ್ ಜೊತೆ?"

ಯಜಮಾನರು ಕೈ ಕೈ ಹಿಸುಕಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವರದು. "ಒಂದು ಕೆಲ್ಸ ಮಾಡು. ಹಿಂದಿನ ಬಾಗಿಲ ಹತ್ರ ದಿಂಬಿನ ಕವರ್ ಇದೆ. ಅದನ್ನ ಒಬ್ಬರೇ ಮಡಿಸ್ಬೋದು" ಎಂದರು. ನಾದಿನಿ ಬಿದ್ದ ಬೆಡ್‌ಶೀಟನ್ನು ಎತ್ತಿ, ಧೂಳು ಕೊಡವಿ, ಮೇಜಿನ ಮೇಲಿಟ್ಟು, ಹಿಂದಿನ ಬಾಗಿಲಿಗೆ ಹೋದಳು. ಅವಳ ಓಟ ನಿಂತುಹೋಗಿತ್ತು.

ಅವಳ ಜಾಗಕ್ಕೆ ನನ್ನನ್ನು ನಿಲ್ಲಿಸಿದರು. ಅಯ್ಯೋ, ಆ ಪಾಡು! ಕೆಂಡಕ್ಕ ಎಡಕ್ಕೆ ತಿರುಗಿದರೆ ನಾನು ಬಲಕ್ಕೆ. ಅವರು ಹತ್ತಿರ ಬಂದರೆ ನಾನೂ ಹತ್ತಿರ ಹೋಗಿ ಹಣೆಗೆ ಹಣೆ ಡಿಕ್ಕಿ. "ಮಸಿ, ಇದು ಬೆಡ್‌ಶೀಟೋ ಭೂಪಟವೋ? ಎಲ್ಲಾ ಕಡೆ ಗಡಿ ಚಾಚ್ಕೊಂಡಿದೆಯಲ್ಲೇ!" ಎಂದು ಬೈದರು. ಹನ್ನೊಂದು ಗಂಟೆಗೆ ಎಣಿಸಿದರೆ ಎಲ್ಲ ಜೋಡಿಗಳೂ ಸೇರಿ ನೂರಿಪ್ಪತ್ತು. ಯಜಮಾನರು ಗಡಿಯಾರದ ಮುಂದೆ ನಿಂತು ಅದನ್ನೇ ಬೈಯತೊಡಗಿದರು.

ಅಷ್ಟರಲ್ಲಿ ಹೋಟೆಲಿನ ಡ್ರೈವರ್ ಇನ್ನೊಂದು ಗಂಟು ಟವೆಲ್ ತಂದು ಇಳಿಸಿದ. ಹೊಸ ಮುಖ ಕಂಡರೆ ಕೆಂಡಕ್ಕ ಬಿಡುತ್ತಾರೆಯೇ? "ನೋಡಪ್ಪ ಇಲ್ಲಿ" ಎಂದು ಕರೆದು, ಕಿರುಬೆರಳನ್ನು ನೀರಿಗದ್ದಿ ಇಸ್ತ್ರಿಗೆ ಒತ್ತಿ ಹಿಡಿದರು. ಚುಂಯ್! ಡ್ರೈವರ್ "ಅಬ್ಬಬ್ಬಾ" ಎಂದು ಬಾಯಿ ಮುಚ್ಚಿಕೊಂಡ. ಎಲ್ಲರೂ ನಕ್ಕರು. ಹಿಂದಿನ ಬಾಗಿಲಲ್ಲಿ ನನ್ನ ನಾದಿನಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಕವರ್ ಕೆಳಗಿಟ್ಟು ಎದ್ದು ನಿಂತಳು. ಕುತ್ತಿಗೆ ಚಾಚಿ ಕೆಂಡಕ್ಕನ ಕೈಯನ್ನೇ ನೋಡಿದಳು. ಆಮೇಲೆ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದಳು.

"ಅತ್ತಿಗೆ, ಅವರ ಬೆರಳಲ್ಲಿ ಬೊಬ್ಬೆ ಎದ್ದಿದೆ. ಒಂದು ಒಡೆದೂ ಹೋಗಿದೆ. ಅವರಿಗೆ ಗೊತ್ತೇ ಇಲ್ಲ."

"ಪಳಗಿದ ಕೈ ಅಲ್ವೇನೇ ಅದು."

"ಪಳಗಿದ ಕೈಗೂ ಸುಟ್ರೆ ಉರೀಬೇಕು ಅತ್ತಿಗೆ! ಮೊಣಕೈ ಕೆಳಗೆ ನೋಡಿದ್ರಾ, ಮಾಸಲು ಮಚ್ಚೆ? ನಂಗೂ ಹೀಗೇ ಶುರುವಾಗಿದ್ದು. ಹೀಗೇ! ನಾನೂ ಬಿಸಿ ನೀರಿನ ಪಾತ್ರೆ ಬರಿಗೈಲಿ ಎತ್ತಿ ನಿಮ್ಮೆಲ್ಲರ ಹತ್ರ ಭೇಷ್ ಅನ್ನಿಸ್ಕೊಂಡಿರ್ಲಿಲ್ವಾ?"

ಹೌದು, ಅನ್ನಿಸಿಕೊಂಡಿದ್ದಳು. ಭೇಷ್ ಎಂದವಳು ನಾನೇ.

"ಬಾಯಿ ಮುಚ್ಕೊಂಡಿರು" ಎಂದೆ. "ಹೇಳಿದ್ರೆ ಏನಾಗುತ್ತೆ ಗೊತ್ತಾ? ನಿನ್ನಿಂದಾನೇ ಬಂತು ಅಂತಾರೆ. ಈಗ ಮೂಲೆಯಾದ್ರೂ ಕೊಟ್ಟಿದ್ದಾರೆ. ಆಮೇಲೆ ಬೀದಿನೂ ಕೊಡಲ್ಲ."

ಅವಳು ತನ್ನ ಬಗ್ಗಿದ ಕಿರುಬೆರಳನ್ನು ನೋಡಿಕೊಂಡಳು. "ನಂಗೆ ಆಗ ಯಾರಾದ್ರೂ ಹೇಳಿದ್ದಿದ್ರೆ ಈ ಬೆರಳು ನೆಟ್ಟಗಿರ್ತಿತ್ತು ಅತ್ತಿಗೆ" ಎಂದಳು. ನಾನು ಸೆರಗು ಹಿಡಿಯುವಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು. ಎಲ್ಲರ ನಡುವೆ ಕೆಂಡಕ್ಕನ ಎದುರು ಹೋಗಿ ನಿಂತಳು.

"ಅಕ್ಕ, ಆ ಬೆರಳು ಇಸ್ತ್ರಿಗೆ ಇನ್ಮೇಲೆ ತಾಗಿಸ್ಬೇಡಿ. ಒಂದು ಸಲ ಆಸ್ಪತ್ರೆಗೆ ತೋರಿಸಿ. ಇದು ನನ್ನ ಕಾಯಿಲೆಯ ಮೊದಲ ಗುರುತು ಇರ್ಬೋದು."

ಕೆಂಡಕ್ಕ ಸಿಡಿದರು. "ಏನಂದೆ? ನಿನ್ನ ರೋಗನ ನನ್ನ ತಲೆಗೆ ಕಟ್ತೀಯಾ? ಜೋಡಿ ನಿಲ್ಲಲಿಲ್ಲ ಅಂತ ಹೊಟ್ಟೆಕಿಚ್ಚಾ? ಇಪ್ಪತ್ತೆಂಟು ವರ್ಷದ ಕೈ ಇದು!" ಮೆಷಿನ್ ಮಾವ "ನಾನಾಗ್ಲೇ ಹೇಳಿರ್ಲಿಲ್ವಾ" ಎಂದರು. ಅವರು ಯಾರಿಗೂ ಏನೂ ಹೇಳಿರಲಿಲ್ಲ. ಯಜಮಾನರು "ಆರುನೂರು! ಆರುನೂರು!" ಎಂದು ಕೂಗಿಕೊಂಡರು. ನಾದಿನಿ ಮಾತ್ರ ಕದಲಲಿಲ್ಲ. "ಬೈಯಿರಿ ಅಕ್ಕ, ಎಷ್ಟು ಬೇಕಾದ್ರೂ ಬೈಯಿರಿ. ಇವತ್ತು ಆಸ್ಪತ್ರೆ ನರ್ಸಮ್ಮ ಒಗೆದ ಕೋಟು ತಗೊಂಡು ಹೋಗೋಕೆ ಬರೋ ದಿನ. ಅವರ ಹತ್ರ ಒಂದೇ ಒಂದು ನಿಮಿಷ ಕೈ ತೋರಿಸಿ. ನಾನು ಹೇಳಿದ್ದು ಸುಳ್ಳಾದ್ರೆ ನಾನು ಈ ಬಾಗಿಲು ಮತ್ತೆ ತುಳಿಯಲ್ಲ."

ಒಂದು ವರ್ಷದಿಂದ ಅವಳು ಕಾದದ್ದು ಈ ಬಾಗಿಲಿಗಾಗಿಯೇ.

ನರ್ಸಮ್ಮನ ಸ್ಕೂಟರು ಬೀದಿಯ ಆ ತುದಿಯಲ್ಲಿದ್ದಾಗಲೇ ನಮಗೆ ಗೊತ್ತಾಗುತ್ತದೆ, ಅಷ್ಟು ಸದ್ದು ಅದರದು. ಅವರು ಬಂದು ಹೆಲ್ಮೆಟ್ ತೆಗೆಯುವುದರೊಳಗೆ ಹನ್ನೊಂದು ಜನ ಹನ್ನೊಂದು ಥರ ವಿಷಯ ಹೇಳಿದ್ದೆವು. ಅವರು ಹೆಲ್ಮೆಟನ್ನು ಬೆಡ್‌ಶೀಟುಗಳ ಮೇಲಿಟ್ಟು, ಯಜಮಾನರು ಕಣ್ಣು ಬಿಟ್ಟದ್ದು ಕಂಡು ಮತ್ತೆ ಎತ್ತಿಕೊಂಡು, ಮೊದಲು ನನ್ನ ನಾದಿನಿಯ ಹತ್ತಿರ ಹೋದರು. ಅವಳ ಬಗ್ಗಿದ ಬೆರಳಿನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು "ಚಿಕಿತ್ಸೆ ಪೂರ್ತಿ ಮುಗಿಸಿದೆಯಂತೆ, ಶಹಭಾಸ್!" ಎಂದು ಕುಲುಕಿದರು. ಹದಿನೈದು ದಿನದಲ್ಲಿ ಅವಳನ್ನು ಮುಟ್ಟಿ ಮಾತಾಡಿಸಿದ್ದು ಅವರೇ ಮೊದಲು. ಅವಳ ಕಣ್ಣು ತುಂಬಿ ಬಂತು.

"ನರ್ಸಮ್ಮ, ಹಾಗೆ ಮುಟ್ಟಿದ್ರೆ ಅಂಟಲ್ವಾ?" ಎಂದರು ಮೆಷಿನ್ ಮಾವ.

"ಇಲ್ಲ ಮಾವ. ಮುಟ್ಟಿದ್ರೆ, ಜೊತೆಗೆ ಉಂಡ್ರೆ, ಅವರ ಬಟ್ಟೆ ಒಗೆದ್ರೆ ಬರಲ್ಲ. ಇದೊಂದು ರೋಗಾಣು. ಔಷಧಿ ತಗೊಳ್ಳದೆ ಇರೋರ ಕೆಮ್ಮು, ಸೀನಿನಿಂದ, ಅದೂ ಬಹಳ ಕಾಲ ಹತ್ತಿರ ಇದ್ದೋರಿಗೆ ಮಾತ್ರ ಬರ್ಬೋದು. ಬಹಳಷ್ಟು ಜನಕ್ಕೆ ಆಗಲೂ ಬರಲ್ಲ, ನಮ್ಮ ಮೈಯೇ ತಡೆಯುತ್ತೆ. ಮಾತ್ರೆ ಶುರು ಮಾಡಿದ ಸ್ವಲ್ಪ ದಿನಕ್ಕೇ ಅದು ಇನ್ನೊಬ್ಬರಿಗೆ ಹರಡೋದೂ ನಿಂತುಹೋಗುತ್ತೆ. ಇವಳದ್ದಂತೂ ಪೂರ್ತಿ ಮುಗಿದಿದೆ."

"ಪಾಪ ಮಾಡಿದೋರಿಗೆ ಬರುತ್ತೆ ಅಂತಾರಲ್ಲ?"

"ಹಾಗಿದ್ರೆ ಊರಲ್ಲಿ ಯಾರು ಉಳೀತಿದ್ರು ಮಾವ? ನಿಮ್ಮಿಂದಾನೇ ಶುರುವಾಗ್ತಿತ್ತು!"

ಎಲ್ಲರೂ ಗೊಳ್ಳೆಂದು ನಕ್ಕರು, ಮಾವನೂ ನಕ್ಕರು. ನರ್ಸಮ್ಮ ಒಂದು ಹಳೆಯ ಟವೆಲಿನಿಂದ ನೂಲೊಂದನ್ನು ಕಿತ್ತರು. "ಬನ್ನಿ, ಒಂದು ಆಟ ಆಡೋಣ. ಕಣ್ಣು ಮುಚ್ಕೊಳ್ಳಿ. ನೂಲು ತಾಗಿದಾಗೆಲ್ಲ ಹೂಂ ಅನ್ನಿ." ಮೊದಲು ಮಾವ ಕೈ ಚಾಚಿದರು. ಕಚಗುಳಿಯಾಗಿ "ಹೂಂ ಹೂಂ ಹೂಂ" ಎಂದು ಕುಣಿದರು. ಆಮೇಲೆ ಯಜಮಾನರು, ಆಮೇಲೆ ನಾನು. ಲಾಂಡ್ರಿ ತುಂಬಾ ಹೂಂಗುಟ್ಟುವ ಸದ್ದು, ನಗು. ಅಷ್ಟು ಜನರ ಮುಂದೆ ಕೆಂಡಕ್ಕ ಹಿಂದುಳಿಯುವವರಲ್ಲ. "ಹಿಡೀರಿ, ನನ್ನದೂ ನೋಡೇಬಿಡಿ" ಎಂದು ಎರಡೂ ಕೈ ಮುಂದಿಟ್ಟು ಕಣ್ಣು ಮುಚ್ಚಿದರು.

ಬಲಗೈ. "ಹೂಂ." ಅಂಗೈ. "ಹೂಂ." ಎಡದ ಹೆಬ್ಬೆರಳು. "ಹೂಂ, ಹೂಂ, ನೋಡಿದ್ರಾ?" ನರ್ಸಮ್ಮ ನೂಲನ್ನು ಮೊಣಕೈ ಕೆಳಗಿನ ಮಚ್ಚೆಯ ಮೇಲೆ ಎಳೆದರು. ಸದ್ದಿಲ್ಲ. ಮತ್ತೆ ಎಳೆದರು. ಕಿರುಬೆರಳಿಗೆ ನೂಲನ್ನು ಸುತ್ತಿದರು. ನಾವೆಲ್ಲ ಒಂದು ಹೂಂಗಾಗಿ ಉಸಿರು ಬಿಗಿಹಿಡಿದು ನಿಂತಿದ್ದೆವು. ನಾನು ಮನಸ್ಸಿನಲ್ಲೇ ಹೂಂ ಅನ್ನು, ಹೂಂ ಅನ್ನು ಎಂದು ಬೇಡಿಕೊಂಡೆ.

ಕೆಂಡಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಯಾಕೆ ನಿಲ್ಸಿದ್ರಿ? ಮುಟ್ಟಿ, ಮುಟ್ಟಿ."

ಆಮೇಲೆ ಅವರು ಕಣ್ಣು ಬಿಟ್ಟರು. ಕಿರುಬೆರಳಿನ ಸುತ್ತ ನೂಲು ಮೂರು ಸುತ್ತು ಬಿಗಿದಿತ್ತು. ಅದರ ಪಕ್ಕದಲ್ಲೇ ಒಡೆದ ಬೊಬ್ಬೆ ತೇವವಾಗಿತ್ತು. ಕೆಂಡಕ್ಕ ಅದನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡಿದರು.

"ಹೆದರ್ಬೇಡಿ ಅಮ್ಮ" ಎಂದರು ನರ್ಸಮ್ಮ. "ನಾಳೆ ಆಸ್ಪತ್ರೇಲಿ ಡಾಕ್ಟರು ನೋಡಿ ಖಚಿತ ಮಾಡ್ತಾರೆ. ಅದೇ ಆಗಿದ್ರೂ ಆರು ತಿಂಗಳೋ ಒಂದು ವರ್ಷವೋ ಮಾತ್ರೆ, ಅಷ್ಟೇ. ಸರ್ಕಾರಿ ಆಸ್ಪತ್ರೇಲಿ ದುಡ್ಡೂ ಕೊಡ್ಬೇಕಾಗಿಲ್ಲ. ನಿಮ್ಮ ಬೆರಳು ಇನ್ನೂ ನೆಟ್ಟಗಿದೆ. ಇನ್ನೊಂದು ವರ್ಷ ಹೀಗೇ ಇಸ್ತ್ರಿಗೆ ಒತ್ಕೊಂಡು ಕೂತಿದ್ರೆ ಬೆರಳೇ ಕೈಬಿಟ್ಟು ಹೋಗ್ತಿತ್ತು. ಇವಳು ಬಾಯಿಬಿಟ್ಟಿದ್ದಕ್ಕೆ ಬಚಾವಾದ್ರಿ."

"ಇವಳಿಂದಾನೇ ಬಂತಾ?" ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು.

"ಯಾರಿಂದ ಅಂತ ದೇವರಾಣೆಗೂ ಹೇಳೋಕಾಗಲ್ಲ. ಈ ರೋಗಾಣು ಮೈಯೊಳಗೆ ವರ್ಷಗಟ್ಟಲೆ ಸುಮ್ನೆ ಕೂತಿರುತ್ತೆ, ಐದು ವರ್ಷ, ಕೆಲವು ಸಲ ಇಪ್ಪತ್ತು ವರ್ಷ. ಯಾರಿಂದ ಬಂತು ಅಂತ ಹುಡುಕೋದು ಬಿಟ್ಟು, ಯಾರಿಗಿದೆ ಅಂತ ಹುಡುಕಿ. ಮಸಿಯಕ್ಕ, ನೀವು ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೊಂಡ್ರಾ?"

ನಾನು ತಲೆ ತಗ್ಗಿಸಿದೆ. ಅವಳನ್ನು ಊರು ಬಿಡಿಸಿದ್ದೆವು, ತಟ್ಟೆ ಬೇರೆ ಮಾಡಿದ್ದೆವು, ಮಾಡಬೇಕಾದ ಒಂದೇ ಒಂದು ಕೆಲಸ ಮಾಡಿರಲಿಲ್ಲ.

ನರ್ಸಮ್ಮ ಕೆಂಡಕ್ಕನ ಬೆರಳಿಗೆ ಪಟ್ಟಿ ಕಟ್ಟಿದರು. "ಇವತ್ತು ಇಸ್ತ್ರಿ ಬೇಡ" ಎಂದರು. ಕೆಂಡಕ್ಕ ನಿಧಾನವಾಗಿ ಏಪ್ರನ್ ಸರಿಮಾಡಿಕೊಂಡು ಗೋಡೆಯ ಕಡೆ ಸರಿದರು. ಯಾರೂ ಅವರಿಗೆ ಸರಿಯಿರಿ ಎಂದಿರಲಿಲ್ಲ. ನಾವು ಹಿಂದೆ ಸರಿಯುವುದನ್ನು ಅವರು ಬೆಳಿಗ್ಗೆಯೇ ನೋಡಿದ್ದರಲ್ಲ. ಇಪ್ಪತ್ತೆಂಟು ವರ್ಷ ಲಾಂಡ್ರಿಯನ್ನು ನಡುಗಿಸಿದ ಹೆಂಗಸು ಚಿಕ್ಕ ದನಿಯಲ್ಲಿ ಕೇಳಿದರು: "ಹಾಗಾದ್ರೆ... ನಾನು ಹಿಂದಿನ ಬಾಗಿಲ ಹತ್ರ ದಿಂಬಿನ ಕವರ್ ಮಡಿಸ್ಲಾ?"

ಯಜಮಾನರು ನೆಲ ನೋಡಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಫಟ್!

ಎಲ್ಲರೂ ಬೆಚ್ಚಿ ತಿರುಗಿದೆವು. ನನ್ನ ನಾದಿನಿ ಕಿಟಕಿ ಪಕ್ಕದ ಮೇಜಿನ ಮುಂದೆ ಎರಡು ಮೂಲೆ ಹಿಡಿದು ನಿಂತಿದ್ದಳು. ಬೆಡ್‌ಶೀಟ್ ಗಾಳಿ ತುಂಬಿಕೊಂಡು ಕೆಂಡಕ್ಕನ ಕಡೆಗೇ ಹಾರಿತ್ತು.

"ಅಕ್ಕ, ಆ ತುದಿ ಹಿಡೀರಿ. ನಾನೂರ ಎಂಬತ್ತು ಬಾಕಿ ಇದೆ!"

"ನಾನು... ನಂಗೆ ಇದ್ರೂನಾ?"

"ಆ ಕಡೆ ಯಾರೂ ಇಲ್ಲದಿದ್ರೆ ಹೇಗಿರುತ್ತೆ ಅಂತ ನಾನು ಬೆಳಿಗ್ಗೆ ನೋಡಿದ್ದೀನಿ. ನಿಮಗೆ ಅದು ಬೇಡ." ಹಾಗೆಂದು ಬೆಡ್‌ಶೀಟನ್ನು ಮತ್ತೊಮ್ಮೆ ಒದರಿದಳು. " ಬೇಗ ಹಿಡೀರಿ, ಬೀಳ್ತಿದೆ!"

ಕೆಂಡಕ್ಕ ಗೋಡೆಯಿಂದ ಎರಡೇ ಹೆಜ್ಜೆಗೆ ಹಾರಿದರು. ನೆಲಕ್ಕೆ ಇನ್ನು ಒಂದು ಗೇಣು ಇದೆ ಎನ್ನುವಾಗ ಎರಡು ಮೂಲೆಯೂ ಅವರ ಕೈಯಲ್ಲಿ! ಪಟ್ಟಿ ಕಟ್ಟಿದ ಬೆರಳು ಮೇಲಕ್ಕೆ ನಿಂತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ಕೈ ತಪ್ಪಲಿಲ್ಲ. ಹತ್ತಿರ ಬಂದರು, ಮೂಲೆಗೆ ಮೂಲೆ ಸೇರಿಸಿದರು. ಕೆಂಡಕ್ಕನ ಬೆರಳು ನನ್ನ ನಾದಿನಿಯ ಬೆರಳಿಗೆ ತಾಗಿತು. ಅಲ್ಲಿ ಅವರು ಒಂದು ಕ್ಷಣ ನಿಂತರು. "ತಪ್ಪಾಯ್ತು ಕಣೇ ಪಟ" ಎಂದರು ಕೆಂಡಕ್ಕ. "ಮಾತಾಡ್ತಾ ನಿಂತ್ರೆ ಹನ್ನೊಂದು ಸೆಕೆಂಡಲ್ಲಿ ಆಗಲ್ಲ ಅಕ್ಕ" ಎಂದಳು ಅವಳು.

ಆಮೇಲಿನ ಸಂಭ್ರಮ ಏನು ಹೇಳಲಿ! ನರ್ಸಮ್ಮ ತಾವೂ ತೋಳು ಮಡಚಿ ನನ್ನ ಎದುರು ನಿಂತು ಇಪ್ಪತ್ತು ಮಡಿಸಿಯೇ ಹೋದರು. ಮಾವ ಮೆಷಿನ್ ಬಿಟ್ಟು ದಿಂಬಿನ ಕವರಿಗೆ ಕೂತರು. ಜೋಡಿಗಳೆಲ್ಲ ಪೈಪೋಟಿಗೆ ಬಿದ್ದವು, ಫಟ್ ಫಟ್ ಎಂದು ಎಲ್ಲ ಕಡೆಯಿಂದ ಸದ್ದು. ಯಜಮಾನರು ನೂರು ನೂರಕ್ಕೂ ಒಂದೊಂದು ಸುತ್ತು ಓಡಿ ಬಂದರು, ಎರಡು ಥರದ ಚಪ್ಪಲಿಯಲ್ಲೇ. ಕೆಂಡಕ್ಕ ಗುನುಗತೊಡಗಿದ್ದರು. ಐದೂ ಐವತ್ತಕ್ಕೆ ಆರುನೂರನೆಯದು ಮೇಜಿನ ಮೇಲೆ ಕೂತಿತು. ಆರಕ್ಕೆ ವ್ಯಾನು ಬಂದಾಗ ನಾವು ಚಹಾ ಕುಡಿಯುತ್ತಿದ್ದೆವು, ಎಲ್ಲರೂ, ಒಂದೇ ಮೇಜಿನ ಸುತ್ತ.

ಮನೆಗೆ ಬಂದವಳೇ ನಾನು ನಾದಿನಿಯ ತಟ್ಟೆ ತೆಗೆದುಕೊಂಡು ಉಜ್ಜಲು ಕೂತೆ. ಬೂದಿ ಹಾಕಿದೆ, ನಿಂಬೆಹಣ್ಣು ಹಾಕಿದೆ, ಇಟ್ಟಿಗೆ ಪುಡಿ ಹಾಕಿದೆ. ಎನಾಮಲ್ ಹೋಯಿತೇ ಹೊರತು ಗುರುತು ಹೋಗಲಿಲ್ಲ. ನನ್ನ ಮಸಿಯ ಬಗ್ಗೆ ಎಷ್ಟು ಜಂಬ ಕೊಚ್ಚಿಕೊಂಡಿದ್ದೆನೋ, ಅದನ್ನೆಲ್ಲ ಅಂದು ನುಂಗಿಕೊಂಡೆ. ಬಚ್ಚಲಲ್ಲಿ ಕೂತು ಅತ್ತೂಬಿಟ್ಟೆ. ಆಮೇಲೆ ಒಂದು ಯೋಚನೆ ಬಂತು. ಎದ್ದು ಮಸಿ ಕುಡಿಕೆ ತಂದೆ. ನನ್ನ ತಟ್ಟೆ ತಿರುಗಿಸಿ ಅದೇ ಗುಣಾಕಾರದ ಗುರುತು ಹಾಕಿದೆ. ನನ್ನ ಗಂಡನ ಲೋಟಕ್ಕೆ ಹಾಕಿದೆ. ಎಲ್ಲರ ಟವೆಲಿಗೂ, ಹೊದಿಕೆಗೂ ಹಾಕಿದೆ. ಮಗಳು ಓಡಿಬಂದು "ನನ್ನ ಲೋಟಕ್ಕೆ ಎರಡು ಹಾಕಮ್ಮ" ಎಂದಳು.

ಊಟದ ಹೊತ್ತಿಗೆ ನಾದಿನಿ ತಟ್ಟೆಗಳನ್ನು ಇಡಲು ಬಂದಳು. ಒಂದು ತಿರುಗಿಸಿದಳು. ಇನ್ನೊಂದು ತಿರುಗಿಸಿದಳು. ನಾಲ್ಕೂ ತಿರುಗಿಸಿದಳು.

"ಅತ್ತಿಗೆ, ಹೀಗೆ ಹಾಕಿದ್ರೆ ನನ್ನದು ಯಾವುದು ಅಂತ ಹೇಗೆ ಗೊತ್ತಾಗ್ಬೇಕು?"

"ಒಂದು ಮನೆಗೆ ಒಂದೇ ಗುರುತು ಕಣೇ" ಎಂದೆ. "ಲಾಂಡ್ರಿ ನಿಯಮ. ನಾನೇ ಮರೆತಿದ್ದೆ."

ಅವಳು ಕೈಗೆ ಸಿಕ್ಕಿದ ತಟ್ಟೆಯಲ್ಲಿ ಊಟ ಮಾಡಿದಳು. ನನ್ನ ಗಂಡ, ಅಂದರೆ ಅವಳ ಅಣ್ಣ, ಅವಳಿಗೆ ಎರಡನೇ ಸಲ ಬಡಿಸುವಾಗ ಅವಸರಕ್ಕೆ ಸಾರನ್ನು ಅರ್ಧ ನೆಲಕ್ಕೆ ಚೆಲ್ಲಿದ. ಎಲ್ಲರೂ ನಕ್ಕೆವು.

ಮರುದಿನ ನಾವೆಲ್ಲ ಒಟ್ಟಿಗೇ ಆಸ್ಪತ್ರೆಗೆ ಹೋದೆವು. ನಮ್ಮ ಮನೆಯವರಿಗೆ ಏನೂ ಇರಲಿಲ್ಲ. ಕೆಂಡಕ್ಕನಿಗೆ ಅದೇ ಎಂದು ಖಚಿತವಾಯಿತು. ಈಗ ಅವರ ಮಾತ್ರೆ ಐದನೆಯ ತಿಂಗಳಲ್ಲಿದೆ. ನೆನಪು ಮಾಡುವವಳು ಗಾಳಿಪಟ, ನುಂಗುವವರು ಕೆಂಡಕ್ಕ, ಬೈಗುಳ ಇಬ್ಬರದೂ. ಅವರ ಮೊಮ್ಮಕ್ಕಳು ದಿನಾ ಅವರ ತೊಡೆಯ ಮೇಲೇ ಇರುತ್ತಾರೆ, ಇರಬಹುದು ಎಂದು ಡಾಕ್ಟರೇ ಹೇಳಿದ್ದಾರೆ. ಬೆರಳು ನೆಟ್ಟಗಿದೆ. ನಮ್ಮ ಲಾಂಡ್ರಿಯಲ್ಲಿ ಈಗ ಯಾರೂ ಇಸ್ತ್ರಿಯನ್ನು ಬೆರಳಿಂದ ನೋಡುವುದಿಲ್ಲ, ನಾಲ್ಕು ಹನಿ ನೀರು ಚಿಮುಕಿಸಿ ನೋಡುತ್ತೇವೆ. ತಿಂಗಳ ಮೊದಲ ದಿನ ಕಣ್ಣು ಮುಚ್ಚಿ ನೂಲಿನ ಆಟ ಆಡುತ್ತೇವೆ. ಎಲ್ಲರಿಗಿಂತ ಜೋರಾಗಿ ಹೂಂ ಎನ್ನುವವರು ಮೆಷಿನ್ ಮಾವ.

ಈ ಕಥೆಯನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವತ್ತೇ ಒಂದು ಕೆಲಸ ಮಾಡಿ. ಮನೆಯವರೆಲ್ಲ ಕೂತು ಒಬ್ಬರ ಮೈ ಒಬ್ಬರು ನೋಡಿ. ಮಾಸಲು ಬಣ್ಣದ್ದೋ ಕೆಂಪಗಿನದೋ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಕೈಕಾಲು ಮರಗಟ್ಟಿದ್ದರೆ, ಸುಟ್ಟರೂ ಉರಿಯದಿದ್ದರೆ, ಅದನ್ನು ಗಟ್ಟಿತನ ಎಂದುಕೊಂಡು ಚಪ್ಪಾಳೆ ತಟ್ಟಬೇಡಿ, ನಮ್ಮ ಹಾಗೆ. ಹತ್ತಿರದ ಆಸ್ಪತ್ರೆಗೆ ಹೋಗಿ. ಮಾತ್ರೆ ಇದೆ, ವಾಸಿಯಾಗುತ್ತದೆ, ಬೇಗ ಹೋದಷ್ಟೂ ಬೆರಳು ಉಳಿಯುತ್ತದೆ.

ಆದರೆ ಒಂದು ಮಾತು. ಮಾತ್ರೆ ರೋಗವನ್ನು ಗುಣ ಮಾಡುತ್ತದೆ, ನಾವು ಹಾಕಿದ ಗುರುತನ್ನು ಅಳಿಸುವುದಿಲ್ಲ. ಅದು ನಮ್ಮ ಕೆಲಸ. ನಿಮ್ಮ ಬೀದಿಯಲ್ಲಿ, ನಿಮ್ಮ ಕೆಲಸದ ಜಾಗದಲ್ಲಿ, ಯಾಕೆ, ನಿಮ್ಮ ಮನೆಯಲ್ಲೇ, ವಾಸಿಯಾಗಿ ಬಂದ ಯಾರೋ ಒಬ್ಬರು ಎರಡು ಮೂಲೆ ಹಿಡಿದುಕೊಂಡು ಕಾಯುತ್ತಿರಬಹುದು. ನಾನು ಒಂದು ಬೆಳಿಗ್ಗೆ ಮಸಿ ಕುಡಿಕೆ ನೋಡುತ್ತಾ ಕೂತಿದ್ದೆ. ನೀವು ಕೂರಬೇಡಿ. ಎದ್ದು ಹೋಗಿ ಆ ತುದಿ ಹಿಡಿಯಿರಿ.